ಕಾಲಿ ಊರಲ್ಲಿ ಸಮ ಹುಡುಕಿದ ಕಥೆ

ನಾನು ಕೊಲಂಬಿಯಾಗೆ ಹೋಗಿದ್ದು ಬೀನ್ಸ್ ಬೆಳೆ ಮೇಲೆ ಕೆಲಸ ಮಾಡೋಕೆ, ಸಾಲ್ಸಾ ಡ್ಯಾನ್ಸ್‌ಗೂ ಅದಕ್ಕೂ ಏನೇನೂ ಸಂಬಂಧ ಇರ್ಲಿಲ್ಲ. 2017ರಲ್ಲಿ ಹೋದೆ, ಎರಡೂವರೆ ವರ್ಷ ಇದ್ದೆ. ಊರಿನ ಹೆಸರು ಕಾಲಿ, ಪೂರ್ತಿ ಹೇಳ್ಬೇಕಂದ್ರೆ ಸಾಂತಿಯಾಗೊ ದೆ ಕಾಲಿ. ದೇಶದ ನೈರುತ್ಯಕ್ಕಿದೆ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರ, ಒಂದು ಕಡೆ ಫರಲ್ಯೋನೆಸ್ ಅನ್ನೋ ಬೆಟ್ಟಸಾಲು, ಇನ್ನೊಂದು ಕಡೆ ಕೌಕಾ ನದಿ, ಊರು ದಾಟಿದ್ರೆ ಕಣ್ಣು ಹಾಯೋವಷ್ಟು ದೂರ ಬರೀ ಕಬ್ಬು. ಮಧ್ಯಾಹ್ನ ಬಿಸಿಲು ಜೋರು, ಆದ್ರೆ ನಾಲ್ಕೂವರೆ ಆಯ್ತು ಅಂದ್ರೆ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಇಳಿಯತ್ತೆ, ಆ ಗಾಳಿಗೋಸ್ಕರನೇ ಜನ ಬಾಗಿಲ ಮುಂದೆ ಕುರ್ಚಿ ಹಾಕ್ಕೊಂಡು ಕೂರ್ತಾರೆ.

ನಾನು ಬಾಡಿಗೆಗೆ ಹಿಡಿದ ರೂಮು ಇದ್ದದ್ದು ಬಾರ್ರಿಯೋ ಒಬ್ರೆರೊದಲ್ಲಿ. ಒಬ್ರೆರೊ ಅಂದ್ರೆ ಕಾರ್ಮಿಕ, ಹೆಸರಿಗೆ ತಕ್ಕ ಹಾಗೆ ದುಡಿಯೋರ ಬಡಾವಣೆ ಅದು, ಒಂದಕ್ಕೊಂದು ಅಂಟಿಕೊಂಡಿರೋ ತಗ್ಗಿನ ಮನೆಗಳು. ಮೊದಲನೇ ಭಾನುವಾರ ಊಟ ಮಾಡಿ ಮಲಗಿದ್ದೆ, ಗೋಡೆ ಆ ಕಡೆಯಿಂದ ಟಣ್ ಟಣ್ ಅಂತ ಯಾರೋ ತಗಡು ಬಡೀತಿರೋ ಸದ್ದು. ಭಾನುವಾರನೂ ರಿಪೇರಿ ಕೆಲಸನಾ ಅಂದ್ಕೊಂಡೆ. ಒಂದೈದು ನಿಮಿಷ ಆದ್ಮೇಲೆ ಗಮನಿಸಿದ್ರೆ ಆ ಬಡಿತ ತಪ್ತಾನೇ ಇಲ್ಲ, ಅದರ ಹಿಂದೆ ಒಂದು ಹಾಡು ಇದೆ, ಹಾಡು ನಿಂತ್ರೆ ಬಡಿತನೂ ನಿಲ್ಲತ್ತೆ, ಮುಂದಿನ ಹಾಡು ಶುರುವಾಗಿ ಅರ್ಧ ದಾರಿ ಬಂದ್ಮೇಲೆ ಮತ್ತೆ ಬಡಿತ. ಎದ್ದು ಹೊರಗೆ ಬಂದು ಇಣುಕಿದೆ. ಪಕ್ಕದ ಮನೆ ಬಾಗಿಲು ತೆರೆದಿತ್ತು, ಒಳಗೆ ಅರವತ್ತೈದು ದಾಟಿದ ಒಬ್ಬ ಅಜ್ಜಿ, ಮನೆ ಬಟ್ಟೆಯಲ್ಲೇ ಕೂತು, ಎಡಗೈಯಲ್ಲಿ ಒಂದು ಲೋಹದ ಗಂಟೆ ಹಿಡ್ಕೊಂಡು ಬಲಗೈಯ ಮರದ ಕೋಲಿಂದ ಬಾರಿಸ್ತಿದ್ರು. ಎದುರಿಗೆ ರೆಕಾರ್ಡ್ ಪ್ಲೇಯರ್ ತಿರುಗ್ತಾ ಇತ್ತು. ಇನ್ನು ಬೇರೆ ಯಾರೂ ಇರ್ಲಿಲ್ಲ. ಯಾರಿಗೂ ಕೇಳ್ಸೋಕಲ್ಲ, ಯಾರಿಗೂ ತೋರ್ಸೋಕಲ್ಲ, ಆ ಹಾಡು ಬಾರಿಸಿದೋರ ಸಾಲಲ್ಲಿ ತಾನೂ ಒಬ್ಬಳಾಗಿ ಕೂತಿದ್ರು ಅಷ್ಟೇ. ನನ್ನ ನೋಡಿ ನಿಲ್ಲಿಸ್ಲಿಲ್ಲ, ಗದ್ದ ಎತ್ತಿ ಕುರ್ಚಿ ತೋರ್ಸಿದ್ರು, ಹಾಡು ಮುಗಿಯೋವರೆಗೂ ನಾನು ಸುಮ್ನೆ ಕೂತಿದ್ದೆ.

ಸಾಲ್ಸಾ ಅಂದ್ರೆ ನನ್ನ ತಲೇಲಿ ಇದ್ದದ್ದು ಮಿನುಗೋ ಬಟ್ಟೆ, ಗಿರಗಿರ ತಿರುಗೋ ಜೋಡಿ, ಟಿವಿ ಸ್ಪರ್ಧೆ. ಅದು ಸುಳ್ಳಲ್ಲ, ಕಾಲಿಯಲ್ಲಿ ಅದೂ ಇದೆ, ಜಗತ್ತಿನಲ್ಲೇ ಹೆಸರು ಮಾಡಿದ ಡ್ಯಾನ್ಸ್ ಕಂಪನಿಗಳಿವೆ, ಕಾಲು ಕಣ್ಣಿಗೇ ಕಾಣದಷ್ಟು ವೇಗವಾಗಿ ಆಡೋ ಹುಡುಗ ಹುಡುಗಿಯರಿದ್ದಾರೆ. ಆದ್ರೆ ನಾನು ಇವತ್ತು ಹೇಳೋಕೆ ಹೊರಟಿರೋದು ಆ ಊರು ಹೇಗೆ ಕೇಳಿಸ್ಕೊಳತ್ತೆ ಅನ್ನೋದನ್ನ.

ಆ ಅಜ್ಜೀನ ಎಲ್ಲರೂ ಕರೆಯೋ ಹಾಗೆ ದೋನ್ಯಾ ಅಂತಿದ್ದೆ, ಅವ್ರು ನನ್ನನ್ನ ಮಿಹಾ ಅಂತಿದ್ರು, ನಾವು ಮಗಳೇ ಅಂತೀವಲ್ಲ ಹಾಗೆ. ಡ್ಯಾನ್ಸ್ ಕಲೀಬೇಕು ಅಂದಾಗ ಅವ್ರು ನಕ್ಕು, ಮೊದ್ಲು ಕೂತ್ಕೊಂಡು ಕೇಳು ಅಂದ್ರು. ನನಗೆ ಅವಸರ. ಹತ್ತಿರದಲ್ಲೇ ಒಂದು ಡ್ಯಾನ್ಸ್ ಕ್ಲಾಸ್ ಸೇರ್ಕೊಂಡೆ. ಚಿಕ್ಕಂದಿನಲ್ಲಿ ಏಳು ವರ್ಷ ಭರತನಾಟ್ಯ ಕಲಿತವಳು ನಾನು, ಹೆಜ್ಜೆ ಬೇಗ ಬಂತು. ಒಂದು ಎರಡು ಮೂರು, ನಾಲ್ಕಕ್ಕೆ ತಡೆ, ಐದು ಆರು ಏಳು, ಎಂಟಕ್ಕೆ ತಡೆ. ಮೇಷ್ಟ್ರು ಎಣಿಸ್ತಿದ್ರು, ನಾವು ಹೆಜ್ಜೆ ಹಾಕ್ತಿದ್ವಿ, ಎರಡು ತಿಂಗಳಲ್ಲಿ ಇಪ್ಪತ್ತು ಇಪ್ಪತ್ತೈದು ಸುತ್ತು ತಿರುವು ಕಲಿಸಿಬಿಟ್ರು. ಆಮೇಲೆ ಒಂದು ಶುಕ್ರವಾರ ರಾತ್ರಿ ಆಫೀಸಿನೋರ ಜೊತೆ ಡ್ಯಾನ್ಸ್ ಬಾರ್‌ಗೆ ಹೋದೆ. ಒಬ್ರು ಬಂದು ಕೈ ಚಾಚಿದ್ರು, ಎದ್ದೆ, ಹಾಡು ಶುರುವಾಯ್ತು, ನನಗೆ ಒಂದು ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ. ಎಣಿಸೋ ಮೇಷ್ಟ್ರು ಅಲ್ಲಿ ಇಲ್ಲ. ತಾಳ ಹಾಕೋಕೆ ಬರೋಳು ನಾನು, ಸಮ, ಅಂದ್ರೆ ತಾಳದ ಮೊದಲ ಪೆಟ್ಟು, ಸಿಕ್ತಿಲ್ಲ ಅಂದ್ರೆ ಎಷ್ಟು ನೋವಾಗತ್ತೆ ಅಂತ ಸಂಗೀತ ಕಲಿತೋರಿಗೆ ಗೊತ್ತಿರತ್ತೆ. ಆ ಹಾಡು ಪೂರ್ತಿ ನಾನು ನೆಲ ಕಾಣದ ನೀರಲ್ಲಿ ಕಾಲು ಬಡಿದ ಹಾಗೆ ಇದ್ದೆ. ಆತ ತುಂಬಾ ಒಳ್ಳೆಯೋರು, ಒಂದು ಮಾತೂ ಆಡ್ದೆ, ಹಾಡು ಮುಗಿದ್ಮೇಲೆ ಕುರ್ಚಿವರೆಗೂ ಕರ್ಕೊಂಡು ಬಂದು ಬಿಟ್ಟು, ಗ್ರಾಸಿಯಾಸ್ ಅಂತ ಹೇಳಿ ಹೋದ್ರು. ಅಲ್ಲಿ ಅದು ಪದ್ಧತಿ, ಕರ್ಕೊಂಡು ಹೋದೋರು ವಾಪಸ್ ಕರ್ಕೊಂಡು ಬರ್ಬೇಕು.

ಮರುದಿನ ದೋನ್ಯಾ ಮುಂದೆ ಕೂತು ಅಳೋದೊಂದೇ ಬಾಕಿ. ಅವ್ರು ಒಂದು ರೆಕಾರ್ಡ್ ಹಾಕಿ, ಬೇಸ್ ಕೇಳು ಅಂದ್ರು, ದಪ್ಪ ಸ್ವರದ ತಂತಿವಾದ್ಯ ಅದು, ಬೇಸ್ ಬಿಟ್ಟು ಬೇರೇನೂ ಕೇಳ್ಬೇಡ.

ಇಲ್ಲಿ ಸ್ವಲ್ಪ ಒಳಗೆ ಇಳೀತೀನಿ, ಯಾಕಂದ್ರೆ ನನಗೆ ಸಾಲ್ಸಾ ತೆರೆದುಕೊಂಡಿದ್ದೇ ಇಲ್ಲಿಂದ. ಈ ಕಥೆನ ಒಂದು ಸಭೆಯಲ್ಲಿ ಹೇಳಿದಾಗ ಇದನ್ನ ಎಲ್ಲರ ಕೈಲೂ ತಟ್ಟಿಸಿದ್ದೆ, ಓದೋರು ಮೇಜಿನ ಮೇಲೆ ತಟ್ಟಿ ನೋಡಿ. ಒಂದರಿಂದ ಹದಿನಾರರವರೆಗೆ ಒಂದೇ ವೇಗದಲ್ಲಿ ಮನಸ್ಸಲ್ಲೇ ಎಣಿಸ್ತಾ ಹೋಗಿ, ಮುಗಿದ ಕೂಡಲೇ ನಿಲ್ಲಿಸ್ದೆ ಮತ್ತೆ ಒಂದರಿಂದ. 1, 4, 7, 11, 13 ಬಂದಾಗ ಮಾತ್ರ ತಟ್ಟಿ. ಮೂರು ಪೆಟ್ಟು, ಆಮೇಲೆ ಎರಡು ಪೆಟ್ಟು. ಇದೇ ಕ್ಲಾವೆ. ಕ್ಲಾವೆ ಅಂದ್ರೆ ಎರಡು ಗಟ್ಟಿ ಮರದ ಕೋಲಿಗೂ ಹೆಸರು, ಅದರಲ್ಲಿ ಬಾರಿಸೋ ಈ ನಡೆಗೂ ಹೆಸರು, ಸ್ಪ್ಯಾನಿಷ್‌ನಲ್ಲಿ ಕೀಲಿ ಅನ್ನೋ ಅರ್ಥನೂ ಇದೆ. ಕೆಲವು ಹಾಡಲ್ಲಿ ಎರಡು ಮೊದ್ಲು ಮೂರು ಆಮೇಲೆ. ನಮ್ಮ ತಾಳಕ್ಕೆ ಇದನ್ನ ಹೋಲಿಸ್ಬಹುದು, ಆದ್ರೆ ಒಂದು ದೊಡ್ಡ ವ್ಯತ್ಯಾಸ. ಆದಿತಾಳ ಅಂದ್ರೆ ನಾಲ್ಕು ಎರಡು ಎರಡು, ಹಾಡೋರ ಕೈಯಲ್ಲಿ ಕಾಣತ್ತೆ, ಕೇಳೋರೂ ತೊಡೆ ಮೇಲೆ ಹಾಕ್ತಾರೆ. ಕ್ಲಾವೆನ ಎಷ್ಟೋ ಹಾಡಲ್ಲಿ ಯಾರೂ ಬಾರಿಸೋದೇ ಇಲ್ಲ. ಆದ್ರೂ ಪಿಯಾನೋ, ಕೊಂಗಾ ಅನ್ನೋ ಉದ್ದನೆ ಡೋಲು, ತುತ್ತೂರಿ, ಹಾಡುಗಾರ ಎಲ್ಲರೂ ಅದರ ಮೇಲೇ ನಿಂತಿರ್ತಾರೆ, ಯಾರಾದ್ರೂ ಅದನ್ನ ಅಡ್ಡ ದಾಟಿದ್ರೆ ಬಲ್ಲೋರು ಮುಖ ಕಿವುಚ್ತಾರೆ. ಕೇಳ್ಸದೇ ಇರೋ ತಾಳಕ್ಕೆ ಇಷ್ಟು ಜನ ನಿಷ್ಠೆಯಿಂದ ಇರೋದು ನನಗೆ ಈಗಲೂ ಮೈ ಜುಮ್ಮನಿಸೋ ವಿಷಯ.

ಈಗ ಬೇಸ್‌ಗೆ ಬರೋಣ. ಅದೇ ಹದಿನಾರರಲ್ಲಿ ಬೇಸ್ ಮಾಮೂಲಾಗಿ ಮಿಡಿಯೋದು 4, 7, 12, 15ರಲ್ಲಿ. ಒಂದರಲ್ಲಿ ಮಿಡಿಯೋದೇ ಇಲ್ಲ! ಹದಿನೈದರಲ್ಲಿ ಮಿಡಿದ ಸ್ವರನೇ ಒಂದರ ಮೇಲೂ ಎಳ್ಕೊಂಡು ಬರತ್ತೆ. ನಾನು ಹುಟ್ಟಿದಾಗಿಂದ ಕೇಳಿದ ಸಂಗೀತದಲ್ಲಿ ಸಮ ಅಂದ್ರೆ ಎಲ್ಲರೂ ಬಂದು ಸೇರೋ ಜಾಗ, ಮೃದಂಗದೋರು ಮುಕ್ತಾಯ ಬಾರಿಸಿ ಬಂದು ಇಳಿಯೋ ಜಾಗ. ಇಲ್ಲಿ ಅದೇ ಜಾಗವನ್ನ ಬೇಸ್ ಖಾಲಿ ಬಿಟ್ಟಿದೆ, ಮುಂಚೆನೇ ಮಿಡಿದು ನಮ್ಮನ್ನ ಮುಂದಕ್ಕೆ ತಳ್ಳಿಬಿಟ್ಟಿದೆ. ಅದಕ್ಕೇ ನಾನು ಮುಳುಗಿದ್ದು. ಆ ಖಾಲಿ ಜಾಗಕ್ಕೇ ಕುಣಿಯೋರ ಕಾಲು ಬೀಳ್ಬೇಕು. ಬೇಸ್ ಬಿಟ್ಟಿದ್ದನ್ನ ನಮ್ಮ ಕಾಲು ತುಂಬತ್ತೆ, ವಾದ್ಯಮೇಳದಲ್ಲಿ ಒಂದು ವಾದ್ಯದ ಜಾಗ ನಮಗೇ ಅಂತ ಇಟ್ಟ ಹಾಗೆ. ಕ್ಲಾಸಲ್ಲಿ ಎಣಿಸ್ತಿದ್ದ ಒಂದು ಎರಡು ಮೂರು, ಐದು ಆರು ಏಳು, ಈ ಹದಿನಾರರ ಎಣಿಕೆಯಲ್ಲಿ ಬೀಳೋದು 1, 3, 5, ಆಮೇಲೆ 9, 11, 13ರಲ್ಲಿ. ಕ್ಲಾವೆಯ ಐದು ಪೆಟ್ಟಲ್ಲಿ ಮೂರು ಕಾಲಿನ ಜೊತೆ ಕೂಡತ್ತೆ, ನಾಲ್ಕು ಮತ್ತೆ ಏಳು ಮಾತ್ರ ಕೈಗೆ ಸಿಗದ ಹಾಗೆ ನಡುವೆ ಜಾರತ್ತೆ, ಕೂಡೋದು ಜಾರೋದು ಎರಡೂ ಇರೋದ್ರಿಂದಲೇ ಮೈ ಸುಮ್ನೆ ನಿಲ್ಲಲ್ಲ.

ಹಾಗಾದ್ರೆ ಹೊಸಬರು ಒಂದನ್ನ ಹುಡುಕೋದು ಹೇಗೆ? ಗಂಟೆ. ಕಾಂಪಾನಾ ಅಂತಾರೆ, ಹಸುವಿನ ಕೊರಳ ಗಂಟೆಯ ಆಕಾರ, ಒಳಗೆ ನಾಲಿಗೆ ಇರಲ್ಲ. ಹಾಡಿನ ಮೊದಲ ಭಾಗದಲ್ಲಿ ಕಥೆ ಹೇಳೋ ಹೊತ್ತಿಗೆ ಬೊಂಗೋ ಅನ್ನೋ ಪುಟ್ಟ ಜೋಡಿ ಡೋಲು ಬಾರಿಸೋರು ಬೊಂಗೋನೇ ಬಾರಿಸ್ತಿರ್ತಾರೆ. ಆಮೇಲೆ ಮೊಂತೂನೊ ಅಂತ ಬರತ್ತೆ, ಹಿಮ್ಮೇಳ ಒಂದೇ ಸಾಲು ಹಾಡ್ತಾ ಹೋಗತ್ತೆ, ಮುಖ್ಯ ಗಾಯಕ ಅದಕ್ಕೆ ಹೊಸ ಹೊಸ ಉತ್ತರ ಕೊಡ್ತಾ ಹೋಗ್ತಾರೆ. ಅಲ್ಲಿಗೆ ಬರ್ತಿದ್ದ ಹಾಗೆ ಬೊಂಗೋ ಕೆಳಗಿಟ್ಟು ಗಂಟೆ ಎತ್ಕೋತಾರೆ. ಬಾಯಿ ಹತ್ರ ಬಾರಿಸಿದ್ರೆ ದಪ್ಪ ಸದ್ದು, ಅದು 1, 5, 9, 13ಕ್ಕೆ, ನಡುವೆ ಕತ್ತಿನ ಕಡೆ ಸಣ್ಣ ಸದ್ದು. ದೋನ್ಯಾ ಮೊದಲ ಭಾನುವಾರ ಅರ್ಧ ಹಾಡಿಂದ ಬಾರಿಸೋಕೆ ಶುರು ಮಾಡ್ತಿದ್ದದ್ದು ಯಾಕೆ ಅಂತ ನನಗೆ ಆಗ ಹೊಳೀತು. ಆರು ವಾರ ಅವ್ರು ನನ್ನ ಎಬ್ಬಿಸ್ಲೇ ಇಲ್ಲ. ಕೂರೋದು, ಗಂಟೆ ಕೇಳೋದು, ಹಿಮ್ಮಡಿಯಲ್ಲಿ ಒಂದನ್ನ ಒತ್ತೋದು. ನಡುನಡುವೆ ಲುಲಾದಾ ಕುಡಿಯೋದು, ಅಲ್ಲಿನ ಲುಲೊ ಹಣ್ಣಿನ ಹುಳಿ ಸಿಹಿ ಪಾನೀಯ, ಚಮಚದಲ್ಲಿ ತಿನ್ನೋ ಹಾಗಿರತ್ತೆ.

ಸಾಲ್ಸಾ ಹುಟ್ಟಿದ್ದು ಕಾಲಿಯಲ್ಲಲ್ಲ, ಇದನ್ನ ಕಾಲಿಯೋರೇ ಮೊದ್ಲು ಹೇಳ್ತಾರೆ. ಬೇರು ಕ್ಯೂಬಾದ ಸೋನ್, ಮಾಂಬೊ, ಗ್ವಾರಾಚಾ, ಜೊತೆಗೆ ಪೋರ್ಟೊರಿಕೋದ ಬೊಂಬಾ, ಪ್ಲೇನಾ. ಅವೆಲ್ಲ ವಲಸೆ ಬಂದೋರ ಜೊತೆ ನ್ಯೂಯಾರ್ಕ್ ಸೇರಿ, ಅಲ್ಲಿ ಜಾಝ್ ಜೊತೆ ಬೆರೆತು, 1960 ಮತ್ತೆ 70ರ ದಶಕದಲ್ಲಿ ಸಾಲ್ಸಾ ಅನ್ನೋ ಹೆಸರು ಗಟ್ಟಿಯಾಯ್ತು. 1964ರಲ್ಲಿ ಡೊಮಿನಿಕನ್ ಮೂಲದ ಸಂಗೀತಗಾರ ಜಾನಿ ಪಚೆಕೋ ಮತ್ತೆ ವಕೀಲ ಜೆರಿ ಮಸೂಚಿ ಸೇರಿ ಫಾನಿಯಾ ರೆಕಾರ್ಡ್ ಕಂಪನಿ ಶುರು ಮಾಡಿದ್ರು, ಸೆಲಿಯಾ ಕ್ರೂಸ್, ಎಕ್ಟರ್ ಲಾವೋ, ವಿಲ್ಲಿ ಕೊಲೋನ್, ರುಬೆನ್ ಬ್ಲೇಡ್ಸ್ ಎಲ್ಲರ ಧ್ವನಿ ಜಗತ್ತಿಗೆ ಹೋಗಿದ್ದು ಅಲ್ಲಿಂದ.

ಕಾಲಿಗೆ ಅದು ಬಂದದ್ದು ಹಡಗಲ್ಲಿ. ಬೆಟ್ಟಸಾಲಿನ ಆ ಕಡೆ ಪೆಸಿಫಿಕ್ ಸಮುದ್ರ, ಅಲ್ಲಿ ಬುಯೆನಾವೆಂತುರಾ ಬಂದರು. 1914ರಲ್ಲಿ ಪನಾಮಾ ಕಾಲುವೆ ತೆರೀತು, 1915ರಲ್ಲಿ ಬಂದರಿಂದ ಕಾಲಿಗೆ ರೈಲು ಬಂತು, ಅಲ್ಲಿಂದ ಸಕ್ಕರೆ ಫ್ಯಾಕ್ಟರಿ, ಬೇರೆ ಕಾರ್ಖಾನೆ ಎಲ್ಲ ಬೆಳೆದವು, ಕರಾವಳಿಯ ಆಫ್ರಿಕನ್ ಮೂಲದ ಜನ ಕೆಲಸ ಹುಡುಕ್ಕೊಂಡು ಊರಿಗೆ ಬಂದ್ರು, ಅವ್ರ ಮೈಯಲ್ಲಿ ಡೋಲು ಮರಿಂಬಾ ಆಗ್ಲೇ ಇತ್ತು. ನಾವಿಕರು ಹಡಗಲ್ಲಿ ಕ್ಯೂಬಾದ, ನ್ಯೂಯಾರ್ಕ್‌ನ ರೆಕಾರ್ಡ್ ತಂದು ಮಾರೋರು, ಅವು ಬಂದರಿನ ಬಾರ್‌ಗಳಿಂದ ಕಾಲಿಯ ಕಾರ್ಮಿಕ ಬಡಾವಣೆಗಳಿಗೆ ಬರೋವು. ವಾದ್ಯಮೇಳ ಕರೆಸೋಕೆ ದುಡ್ಡು ಯಾರ ಹತ್ರನೂ ಇರ್ಲಿಲ್ಲ, ಆದ್ರೆ ಬೀದಿಗೊಬ್ಬರ ಹತ್ರ ರೆಕಾರ್ಡ್ ಇತ್ತು. ಹಾಗಾಗಿ ಆ ಊರು ಕುಣಿಯೋಕೆ ಕಲಿತಿದ್ದೇ ರೆಕಾರ್ಡ್ ಕೇಳ್ತಾ. ಒಂದೇ ಹಾಡನ್ನ ನೂರು ಸಲ ಇನ್ನೂರು ಸಲ ಕೇಳಿದ್ರೆ ಏನಾಗತ್ತೆ ಯೋಚ್ನೆ ಮಾಡಿ. ಎಲ್ಲಿ ತುತ್ತೂರಿ ನುಗ್ಗತ್ತೆ, ಎಲ್ಲಿ ಎಲ್ಲಾ ವಾದ್ಯ ಒಂದು ಕ್ಷಣ ನಿಲ್ಲತ್ತೆ, ಎಲ್ಲ ಬಾಯಿಪಾಠ. ಕುಣಿಯೋರು ಆ ನಿಲುಗಡೆಗೆ ಸರಿಯಾಗಿ ಕಾಲು ಎತ್ತಿ ಗಾಳಿಯಲ್ಲೇ ತಡೆದು ನಿಲ್ತಾರೆ. ಮೇಳ ಎದುರಿಗಿದ್ದು ಬಾರಿಸಿದ್ರೆ ಇದು ಸಾಧ್ಯ ಇಲ್ಲ, ಪ್ರತಿ ಸಲ ಬದಲಾಗತ್ತೆ.

ಕಾಲಿಯ ಕಾಲು ಯಾಕೆ ಅಷ್ಟು ವೇಗ ಅಂತ ಕೇಳಿದ್ರೆ ಊರಲ್ಲಿ ಎಲ್ಲರೂ ಹೇಳೋದೂ ರೆಕಾರ್ಡಿನ ಕಥೆನೇ. 60ರ ದಶಕದಲ್ಲಿ ನ್ಯೂಯಾರ್ಕಿಂದ ಬುಗಾಲು ಅನ್ನೋ ಸಂಗೀತ ಬಂತು. ಅದರ ನಡೆ ನಿಧಾನ, ಆದ್ರೆ ಇವ್ರು ಆಗ್ಲೇ ಪಚಾಂಗಾ ಅನ್ನೋ ಕ್ಯೂಬಾದ ಚುರುಕು ಕುಣಿತದ ಜಿಗಿತಕ್ಕೆ ಒಗ್ಗಿಹೋಗಿದ್ರು. ರೆಕಾರ್ಡ್ ಹಾಕೋರು ನಿಮಿಷಕ್ಕೆ 33 ಸುತ್ತು ತಿರುಗ್ಬೇಕಾದ ತಟ್ಟೆನ 45ಕ್ಕೆ ಇಟ್ಟುಬಿಟ್ರು. ವೇಗ ಮೂರನೇ ಒಂದು ಪಾಲು ಜಾಸ್ತಿ, ಶ್ರುತಿನೂ ಮೇಲೆ, ಗಾಯಕರ ಧ್ವನಿ ಚಿಕ್ಕ ಮಕ್ಕಳ ಹಾಗೆ. ಕಾಲು ಅದರ ಹಿಂದೆ ಓಡಿ ಓಡಿ ಒಂದು ಹೊಸ ಶೈಲಿನೇ ಹುಟ್ಟಿತು. ಲಾಸ್ ಏಂಜಲೀಸ್ ಅಥವಾ ನ್ಯೂಯಾರ್ಕ್ ಶೈಲಿಯಲ್ಲಿ ಜೋಡಿ ಒಂದು ನೇರ ಗೆರೆ ಮೇಲೆ ಓಡಾಡತ್ತೆ, ತಿರುವು ಜಾಸ್ತಿ. ಕಾಲಿಯಲ್ಲಿ ನಿಂತ ಜಾಗದಲ್ಲೇ, ಸೊಂಟದ ಮೇಲಿನ ಮೈ ಸಮಾಧಾನವಾಗಿ, ಮಂಡಿ ಕೆಳಗೆ ಮಾತ್ರ ಮಿಂಚು. ನಾನು ಕಲಿತಿದ್ದ ಭರತನಾಟ್ಯದ ತಟ್ಟಡವಿನಲ್ಲಿ ಪೂರ್ತಿ ಪಾದ ನೆಲಕ್ಕೆ ಬಡೀಬೇಕು, ಇಲ್ಲಿ ಮುಂಗಾಲು ನೆಲ ಮುಟ್ಟಿದ ತಕ್ಷಣ ಬಿಡ್ಬೇಕು, ಬಿಸಿ ಕಾವಲಿ ಮುಟ್ಟಿದ ಹಾಗೆ. ಆ ಬಡಿಯೋ ಅಭ್ಯಾಸ ಬಿಡೋಕೆ ನನಗೆ ಒಂದು ವರ್ಷ ಹಿಡೀತು. ಅಲ್ಲಿ ಕುಣಿಯೋದಕ್ಕೆ ಅಸೊತಾರ್ ಬಲ್ದೋಸಾ ಅಂತಾರೆ, ನೆಲದ ಟೈಲ್ಸ್‌ಗೆ ಬಾರಿಸೋದು ಅಂತ ಅರ್ಥ, ಆದ್ರೆ ಬಾರಿಸೋದು ಹೀಗೆ ಹಗುರವಾಗಿ.

1956ರ ಆಗಸ್ಟ್ 7ರಂದು ಕಾಲಿಯಲ್ಲಿ ಡೈನಮೈಟ್ ತುಂಬಿದ್ದ ಸೇನೆಯ ಲಾರಿಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ರು. ಆ ದುಃಖದಿಂದ ಊರನ್ನ ಎತ್ಬೇಕು ಅಂತ ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಶುರುವಾದ ಜಾತ್ರೆನೇ ಫೆರಿಯಾ ದೆ ಕಾಲಿ, ಈಗ ಡಿಸೆಂಬರ್ 25ರಿಂದ 30ರವರೆಗೆ ನಡೆಯತ್ತೆ. 1968ರ ಫೆರಿಯಾಗೆ ನ್ಯೂಯಾರ್ಕಿನ ಸಾಲ್ಸಾ ಜೋಡಿ ರಿಚಿ ರೇ ಮತ್ತೆ ಬಾಬಿ ಕ್ರೂಸ್ ಬಂದ್ರು, ಊರೇ ಹುಚ್ಚೆದ್ದು ಹೋಯ್ತಂತೆ. ದೋನ್ಯಾಗೆ ಆಗ ಹದಿನಾರು. ಟಿಕೆಟ್‌ಗೆ ದುಡ್ಡಿಲ್ದೆ ಅಣ್ಣನ ಜೊತೆ ಹೊರಗೆ ನಿಂತು ಕೇಳಿದ್ರಂತೆ, ಹೊರಗೆ ನಿಂತೋರೆಲ್ಲ ರಸ್ತೆಯಲ್ಲೇ ಕುಣಿದ್ರಂತೆ. ಆ ಜೋಡಿ ಆಮೇಲೆ ಕಾಲಿಯ ಅಂಪಾರೊ ಅರೆಬಾತೊ ಅನ್ನೋ ನರ್ತಕಿ ಮೇಲೆ ಒಂದು ಹಾಡನ್ನೇ ಮಾಡಿದ್ರು. ದೋನ್ಯಾ ಇದನ್ನ ಹೇಳುವಾಗ ಧ್ವನಿ ಬದಲಾಗತ್ತೆ. ನಮ್ಮ ಬಡಾವಣೆಗಳ ಹುಡುಗಿ ಹಾಗೆ ಕುಣಿದಳು, ನ್ಯೂಯಾರ್ಕಿನೋರು ಅವಳ ಹೆಸರಲ್ಲಿ ಹಾಡ್ಬೇಕಾಯ್ತು, ಅಂತ.

ಊರಿನ ಸ್ವಂತ ಮೇಳಗಳು ದೊಡ್ಡದಾಗಿದ್ದು 80ರ ದಶಕದಲ್ಲಿ. ಚೊಕೊ ಪ್ರಾಂತ್ಯದ ಹೈರೊ ವರೇಲಾ ಕಟ್ಟಿದ ಗ್ರೂಪೊ ನಿಚೆ 1984ರಲ್ಲಿ ಕಾಲಿ ಮೇಲೆ ಮಾಡಿದ ಹಾಡು ಇವತ್ತಿಗೂ ಊರಿನ ನಾಡಗೀತೆ ಥರ, ಅದು ಶುರುವಾದ್ರೆ ಬಸ್ಸಲ್ಲೂ ಜನ ದನಿಗೂಡಿಸ್ತಾರೆ. ವರೇಲಾ 2012ರಲ್ಲಿ ತೀರ್ಕೊಂಡ್ರು, ಅವ್ರ ಹೆಸರಿನ ಚೌಕದಲ್ಲಿ ದೊಡ್ಡ ತುತ್ತೂರಿಗಳ ಶಿಲ್ಪ ಇದೆ. ನನಗೆ ಇದಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಹೆಂಗಸರ ಮೇಳಗಳು. ಕನೇಲಾ, ಸೋನ್ ದೆ ಅಸೂಕಾರ್, ಇಂಥ ಎಷ್ಟೋ ಮೇಳಗಳಲ್ಲಿ ತುತ್ತೂರಿ, ಟಿಂಬಾಲೆಸ್ ಡೋಲು, ಬೇಸ್ ಎಲ್ಲ ಹೆಂಗಸರೇ. ಕೊಂಗಾ ಬಾರಿಸಿ ಬಾರಿಸಿ ಗಟ್ಟಿಯಾದ ಅಂಗೈನ ಒಬ್ಬಾಕೆ ನನಗೆ ಮುಟ್ಟಿಸಿ ತೋರ್ಸಿದ್ರು, ಕಬ್ಬು ಕಡಿಯೋರ ಕೈ ಹಾಗಿತ್ತು.

ಅದೇ ಕಾಲದಲ್ಲಿ ಡ್ರಗ್ಸ್ ದುಡ್ಡೂ ಊರಿನ ರಾತ್ರಿಗಳಿಗೆ ಹರಿದು ಬಂತು, ಇದನ್ನ ಮುಚ್ಚಿಡಬಾರದು. ದೊಡ್ಡ ದೊಡ್ಡ ಕ್ಲಬ್ಬು, ದುಬಾರಿ ಮೇಳ, ಜೊತೆಗೆ ಭಯ. 1995ರಲ್ಲಿ ಕಾಲಿ ಕಾರ್ಟೆಲ್ ಅನ್ನೋ ಡ್ರಗ್ಸ್ ಗ್ಯಾಂಗಿನ ಮುಖ್ಯಸ್ಥರು ಸಿಕ್ಕಿಬಿದ್ಮೇಲೆ ಎಷ್ಟೋ ಕ್ಲಬ್ ಬಾಗಿಲು ಹಾಕಿದ್ವು. ಆ ಹೊತ್ತಿಗೆ ಜನರ ಕೈ ಹಿಡಿದಿದ್ದು ಮತ್ತೆ ಹಳೇ ರೆಕಾರ್ಡ್‌ಗಳೇ. ವಿಯೆಹೊತೆಕಾ ಅಂತ ಶುರುವಾಯ್ತು, ವಿಯೆಹೊ ಅಂದ್ರೆ ವಯಸ್ಸಾದೋರು, ಡಿಸ್ಕೊತೆಕಾದ ಬಾಲ ಅದಕ್ಕೆ ಸೇರ್ಕೊಂಡಿದೆ. ಹಿರಿಯರು ಕುಣಿಯೋಕೆ ಅಂತ ಭಾನುವಾರ ಮಧ್ಯಾಹ್ನ ಇಟ್ಟ ಕೂಟ, ಈಗ ಎಲ್ಲ ವಯಸ್ಸಿನೋರೂ ಬರ್ತಾರೆ, ಆದ್ರೆ ನಡೆ ನುಡಿ ಹಿರಿಯರದ್ದೇ.

ಡ್ಯಾನ್ಸ್ ಸೀನ್ ಅಂದ್ರೆ ನನಗೆ ಇದೇ. ದೋನ್ಯಾ ನನ್ನ ಕರ್ಕೊಂಡು ಹೋದ ಮೊದಲ ದಿನ ಒಳಗೆ ಕಾಲಿಟ್ಟು ಹಾಗೇ ನಿಂತುಬಿಟ್ಟೆ. ಮಧ್ಯಾಹ್ನ ಮೂರು ಗಂಟೆ, ಕಿಟಕಿಗಳಿಂದ ಬಿಸಿಲು, ಇಸ್ತ್ರಿ ಮಾಡಿದ ಬಿಳೀ ಪ್ಯಾಂಟು, ಎರಡು ಬಣ್ಣದ ಶೂ ಹಾಕಿದ ಎಂಬತ್ತರ ತಾತಂದಿರು, ಬೀಸಣಿಗೆ ಹಿಡಿದ ಅಜ್ಜಿಯರು, ಮೇಜು ಮೇಜಿನ ಮೇಲೂ ಸ್ವಂತ ವಾದ್ಯ! ಒಬ್ರ ಹತ್ರ ಗಂಟೆ, ಒಬ್ರ ಹತ್ರ ಮರಾಕಾಸ್, ಒಬ್ರ ಹತ್ರ ಕ್ಲಾವೆ ಕೋಲು, ಒಬ್ರ ಹತ್ರ ಗುಯಿರೊ, ಗೀರಿ ಗೀರಿ ಬಾರಿಸೋ ಸೋರೆಬುರುಡೆ. ರೆಕಾರ್ಡ್ ಹಾಕೋರು ಒಂದು ತಟ್ಟೆ ಎತ್ತಿ ಕವರ್ ತೋರ್ಸಿದ್ರೆ ಸಾಕು ಕೇಕೆ. ಎದ್ದು ಕುಣಿಯೋರು ಕುಣೀತಾರೆ, ಕೂತೋರು ಬಾರಿಸ್ತಾರೆ, ಎರಡಕ್ಕೂ ಒಂದೇ ಮರ್ಯಾದೆ. ಮಂಡಿ ನೋವಿಂದ ಏಳೋಕಾಗದ ಒಬ್ರು ತಾತ ಕೂತಲ್ಲೇ ಹಿಮ್ಮಡಿ ಎತ್ತದೆ ಬರೀ ಬೆರಳಲ್ಲಿ ಹೆಜ್ಜೆ ಹಾಕ್ತಿದ್ರು, ಶೂ ಒಳಗೆ ಬೆರಳು ಆಡೋದು ಚರ್ಮದ ಮೇಲೆ ಕಾಣ್ತಿತ್ತು. ಒಂದೂ ಪೆಟ್ಟು ತಪ್ಪಿಲ್ಲ.

ಅಲ್ಲಿ ನನ್ನನ್ನ ಕರೆದ ತಾತಂದಿರು ಯಾರೂ ಇಪ್ಪತ್ತೈದು ತಿರುವು ಮಾಡಿಸ್ಲಿಲ್ಲ. ಎರಡೋ ಮೂರೋ, ಅದೂ ತುತ್ತೂರಿ ಕೇಳಿದಾಗ ಮಾತ್ರ. ಬೆನ್ನ ಮೇಲಿನ ಅಂಗೈ ಸ್ವಲ್ಪ ಭಾರ ಆದ್ರೆ ನಿಲುಗಡೆ ಬರ್ತಿದೆ ಅಂತ ಅರ್ಥ, ಅಷ್ಟು ಗೊತ್ತಾದ್ರೆ ಸಾಕಾಗಿತ್ತು. ಮೂರನೇ ತಿಂಗಳಲ್ಲಿ ಒಂದು ಹಾಡು ಮುಗಿದ್ಮೇಲೆ ನೆನಪಾಯ್ತು, ನಾನು ಎಣಿಸೇ ಇಲ್ಲ ಅಂತ.

ಕೆಲಸದ ಅವಧಿ ಮುಗಿಯೋ ಮುಂಚಿನ ಒಂದು ಭಾನುವಾರ ದೋನ್ಯಾಗೆ ಮಣಿಕಟ್ಟು ಊದಿಕೊಂಡಿತ್ತು. ಮೊಂತೂನೊ ಬರೋಕೆ ಸ್ವಲ್ಪ ಮುಂಚೆ ಗಂಟೆನ ನನ್ನ ಕೈಗೆ ಕೊಟ್ಟು, ಹಿಡ್ಕೋ ಮಿಹಾ ಅಂದ್ರು. ಎಡಗೈ ಬೆರಳಿಂದ ಗಂಟೆ ಮೈಯನ್ನ ಸ್ವಲ್ಪ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಸದ್ದು ಉದ್ದಕ್ಕೆ ಹರಡಿಬಿಡತ್ತೆ, ಅದನ್ನ ನೋಡಿ ನೋಡಿ ಗೊತ್ತಿತ್ತು. ಹಿಮ್ಮೇಳ ಶುರುವಾಯ್ತು, ನಾನೂ ಶುರು ಮಾಡಿದೆ. ಮೂರು ಜೋಡಿ ನಮ್ಮ ಮೇಜಿನ ಮುಂದೆನೇ ಕುಣೀತಿದ್ರು, ಅವ್ರ ಕಾಲು ನನ್ನ ಪೆಟ್ಟಿಗೆ ಬೀಳ್ತಿತ್ತು. ಪಿಯಾನೋ ಒಂಟಿಯಾಗಿ ಹರಿಯೋ ಕಡೆ ಒಂದು ಪೆಟ್ಟು ಹಿಂದೆ ಬಿದ್ದೆ. ಪಕ್ಕದ ಮೇಜಿನ ಕ್ಲಾವೆ ತಾತ ನನ್ನ ಕಡೆ ತಿರುಗಿ, ಕೋಲನ್ನ ಸ್ವಲ್ಪ ಎತ್ತರಕ್ಕೆ ಹಿಡಿದು ನನಗೆ ಕಾಣೋ ಹಾಗೆ ಬಾರಿಸಿದ್ರು, ಏಳು, ಹನ್ನೊಂದು, ಹದಿಮೂರು, ಬಾ ಅನ್ನೋ ಥರ ಕಣ್ಣಲ್ಲೇ ಕರೆದ್ರು, ಒಂದಕ್ಕೆ ಸೇರ್ಕೊಂಡೆ. ದೋನ್ಯಾ ಏನೂ ಹೇಳ್ಲಿಲ್ಲ, ಊದಿದ ಕೈನ ಮಡಿಲಲ್ಲಿಟ್ಟು ಕಣ್ಣು ಮುಚ್ಚಿ ಕೇಳ್ತಾ ಕೂತಿದ್ರು, ಗಾಳಿ ಬೀಸೋಕೆ ಶುರುವಾಗಿತ್ತು, ಆ ಹಾಡಿಗೆ ಇನ್ನೂ ಎರಡು ನಿಮಿಷ ಇತ್ತು.